ಎಂಬತ್ತೇಳು ವರ್ಷಕ್ಕೆ ನಾಲ್ಕು ಗುಂಡು

1935ರಲ್ಲಿ ಬೆಲ್ಜಿಯಂ ಸೇನೆ ಒಪ್ಪಿಕೊಂಡ ಪಿಸ್ತೂಲೊಂದರ ಮ್ಯಾಗಜಿನ್‌ನಲ್ಲಿ 13 ಗುಂಡು ಹಿಡಿಯುತ್ತಿದ್ದವು. ಅದನ್ನು ಮಾಡಿದ ಕಂಪನಿಯೇ ಅದೇ ಹೆಸರಿನಲ್ಲಿ 2022ರಲ್ಲಿ ಹೊಸದಾಗಿ ಹೊರತಂದ ಪಿಸ್ತೂಲಿನಲ್ಲಿ 17 ಹಿಡಿಯುತ್ತವೆ. ನಡುವೆ 87 ವರ್ಷ. ಅಷ್ಟರಲ್ಲಿ ಮನುಷ್ಯ ಅಣುವನ್ನು ಒಡೆದ, ಚಂದ್ರನ ಮೇಲೆ ನಡೆದು ಬಂದ, ಕೋಣೆ ತುಂಬುವ ಗಣಕಯಂತ್ರ ಕಟ್ಟಿ ಅದನ್ನು ಕಿಸೆಗೂ ಇಳಿಸಿದ. ಪಿಸ್ತೂಲಿಗೆ ಸಿಕ್ಕಿದ್ದು ನಾಲ್ಕು ಗುಂಡು. ಹೆಚ್ಚುಕಡಿಮೆ 22 ವರ್ಷಕ್ಕೆ ಒಂದು.

ಈ ಲೆಕ್ಕ ಬೆಳಗಾವಿಯವರಿಗೆ ದೂರದ್ದಲ್ಲ. 1768ರಷ್ಟು ಹಳೆಯ ಬೇರುಳ್ಳ ಮರಾಠಾ ಲಘು ಪದಾತಿ ದಳದ ತರಬೇತಿ ಕೇಂದ್ರ 1922ರಿಂದ ಇಲ್ಲಿದೆ. ಪದಾತಿ ಶಾಲೆಯ ಜೂನಿಯರ್ ಲೀಡರ್ಸ್ ವಿಂಗ್ ಇಲ್ಲಿದೆ. ಸೈನ್ಯದಲ್ಲಿ ಕಮಾಂಡೊ ತರಬೇತಿ ಎಂದರೆ ಮೊದಲು ನೆನಪಾಗುವುದೇ ಬೆಳಗಾವಿ. ದಕ್ಷಿಣಕ್ಕೆ 26 ಕಿಲೋಮೀಟರ್ ಹೋದರೆ ಖಾನಾಪುರ, ಅಲ್ಲಿ ರಾಜ್ಯ ಪೊಲೀಸರ ತರಬೇತಿ ಶಾಲೆ. ಅದೇ ತಾಲ್ಲೂಕಿನ ತೊರಾಳಿಯಲ್ಲಿ ಸಿಆರ್‌ಪಿಎಫ್‌ನ ಕೋಬ್ರಾ ಪಡೆಗೆ ಕಾಡಿನ ಯುದ್ಧ ಕಲಿಸುವ ಶಾಲೆ. ದೇಶದ ಎಷ್ಟೋ ಮೂಲೆಗಳಿಂದ ಬಂದ ಹುಡುಗರು ಆಯುಧ ಹಿಡಿಯುವುದನ್ನು ಕಲಿತದ್ದು ಈ ಮಳೆಸೀಮೆಯ ಕೆಮ್ಮಣ್ಣಿನಲ್ಲಿ. ಭಾರತದ ಸೈನಿಕ ಸೊಂಟಕ್ಕೆ ಕಟ್ಟಿಕೊಳ್ಳುವ ‘ಪಿಸ್ಟಲ್ ಆಟೊ 9 ಎಂಎಂ 1ಎ’ ಬಂಗಾಳದ ಇಶಾಪುರ ರೈಫಲ್ ಕಾರ್ಖಾನೆಯದು. ಅದರ ಮನೆತನ ಹುಡುಕುತ್ತ ಹೋದರೆ ಸಿಗುವುದು ಆ 1935ರ ಬೆಲ್ಜಿಯಂ ಪಿಸ್ತೂಲು: ಬ್ರೌನಿಂಗ್ ಹೈ-ಪವರ್. 1ಎಯ ಮ್ಯಾಗಜಿನ್‌ನಲ್ಲಿಯೂ ಹಿಡಿಯುವುದು 13 ಗುಂಡು.

ಆ ಕಾಲದಲ್ಲಿ 13 ಎಂಬ ಸಂಖ್ಯೆಗೆ ಎಂಥ ತೂಕವಿತ್ತು ಎಂಬುದನ್ನು ಅಂದಿನ ಅಳತೆಯಲ್ಲೇ ನೋಡಬೇಕು. ರಿವಾಲ್ವರಿನಲ್ಲಿ ಆರು. ಅಮೆರಿಕದ ಹೆಸರಾಂತ ‘ಕೋಲ್ಟ್ 1911’ ಪಿಸ್ತೂಲಿನಲ್ಲಿ ಏಳು. ಜರ್ಮನಿಯ ಲೂಗರಿನಲ್ಲಿ ಎಂಟು. ಇವುಗಳ ನಡುವೆ ಒಮ್ಮೆಲೇ 13 ಬಂದಾಗ ಅದಕ್ಕೆ ‘ಮಹಾಶಕ್ತಿ’ ಎಂಬ ಅರ್ಥದ ಹೆಸರಿಟ್ಟದ್ದು ಅತಿಶಯವೆನಿಸಲಿಲ್ಲ. ಕೆಲಸ ಆರಂಭಿಸಿದವರು ಅಮೆರಿಕದ ಯೂಟಾ ಪ್ರಾಂತ್ಯದ ಜಾನ್ ಮೋಸಸ್ ಬ್ರೌನಿಂಗ್. ಬದುಕಿನಲ್ಲಿ 128 ಪೇಟೆಂಟ್ ಗಳಿಸಿದ ಮನುಷ್ಯ. ಹೊಸ ಪಿಸ್ತೂಲಿಗೆ 1923ರಲ್ಲಿ ಪೇಟೆಂಟ್ ಅರ್ಜಿ ಹಾಕಿದರು. 1926ರ ನವೆಂಬರ್ 26ರಂದು, ಲಿಯೇಜ್ ಬಳಿ ಅದೇ ಬೆಲ್ಜಿಯನ್ ಕಂಪನಿಯ ಕಾರ್ಖಾನೆಯಲ್ಲಿ, 71ನೆಯ ವಯಸ್ಸಿನಲ್ಲಿ ತೀರಿಕೊಂಡರು. ಪೇಟೆಂಟ್ ಕೈಗೆ ಬಂದದ್ದು 1927ರ ಫೆಬ್ರವರಿಯಲ್ಲಿ, ಮೂರು ತಿಂಗಳು ತಡವಾಗಿ. ಉಳಿದ ಕೆಲಸವನ್ನು ಎಂಟು ವರ್ಷ ಎಳೆದು ಮುಗಿಸಿದವರು ಅವರ ಕಿರಿಯ ಸಹೋದ್ಯೋಗಿ ಡ್ಯುಡೊನೆ ಸೇವ್. ಗುಂಡುಗಳನ್ನು ಅಂಕುಡೊಂಕಾಗಿ ಎರಡು ಸಾಲಿನಲ್ಲಿ ತುಂಬುವ ಮ್ಯಾಗಜಿನ್ ಸೇವ್ ಅವರದೇ. ಹೆಸರು ಮಾತ್ರ ಬ್ರೌನಿಂಗ್ ಅವರದಾಗಿ ಉಳಿಯಿತು. ಸೇವ್ ಅವರ ಹೆಸರನ್ನು ಇನ್ನೂ ಹೆಚ್ಚು ಜನ ತಿಳಿದಿರಬೇಕಿತ್ತು ಎಂದು ನನಗೆ ಅನ್ನಿಸುತ್ತದೆ. ಆ 13ರ ಒಡೆಯ ಅವರೇ.

ಅಂಕುಡೊಂಕು ಸಾಲಿನ ಮಹತ್ವವನ್ನು ಒಂದು ಸಣ್ಣ ಗುಣಾಕಾರ ತೋರಿಸುತ್ತದೆ. ಒಂಬತ್ತು ಎಂಎಂ ಕಾಡತೂಸಿನ ಬುಡ ಸುಮಾರು 10 ಮಿಲಿಮೀಟರ್ ದಪ್ಪ. ಒಂದರ ಮೇಲೊಂದು ನೇರವಾಗಿ 13 ಪೇರಿಸಿದರೆ 130 ಮಿಲಿಮೀಟರ್ ಎತ್ತರ. ಹೆಬ್ಬೆರಳು ಬಿಟ್ಟು ನಾಲ್ಕು ಬೆರಳ ಅಂಗೈ ಅಗಲ 80ರಿಂದ 90 ಮಿಲಿಮೀಟರ್. ಅಂದರೆ ಹಿಡಿಯ ಕೆಳಗೆ ನಾಲ್ಕೈದು ಸೆಂಟಿಮೀಟರ್ ಉಕ್ಕು ಸುಮ್ಮನೆ ಜೋತು ಬೀಳುತ್ತಿತ್ತು. ಎರಡು ಸಾಲು ಮಾಡಿ, ಒಂದು ಗುಂಡಿನ ಸಂದಿಗೆ ಇನ್ನೊಂದರ ಹೊಟ್ಟೆ ಕೂರಿಸಿದಾಗ ಎತ್ತರ ಕುಗ್ಗಿತು. ಹಿಡಿ ಕೆಲವೇ ಮಿಲಿಮೀಟರ್ ದಪ್ಪಗಾಯಿತು, ಆದರೂ ಬೆರಳು ಸುತ್ತಿ ಬರುವಷ್ಟೇ ಇತ್ತು. ಆ ಹಿಡಿತವನ್ನು ಬಳಸಿದವರು ಇಂದಿಗೂ ಹೊಗಳುತ್ತಾರೆ. ಇಲ್ಲಿ ಅಳತೆ ಹಾಕಿಕೊಟ್ಟದ್ದು ಅಂಗೈ. ಹಿಂದೆ ಹೇಳಿದ 22 ವರ್ಷಕ್ಕೊಂದು ಗುಂಡಿನ ನಿಧಾನಕ್ಕೂ ಅಂಗೈಯೇ ಕಾರಣ ಎಂಬುದು ಮುಂದೆ ಗೊತ್ತಾಗುತ್ತದೆ.

ಇನ್ನೊಂದು ಕಾರಣ ಕಾಡತೂಸು. ಇಂದು ಖಾನಾಪುರದಿಂದ ಕೆನಡಾದವರೆಗೆ ಬಳಕೆಯಲ್ಲಿರುವ 9 ಎಂಎಂ ಕಾಡತೂಸು 1902ರದು, ಆಸ್ಟ್ರಿಯಾದ ಗೇಯೋರ್ಗ್ ಲೂಗರ್ ರೂಪಿಸಿದ್ದು. 1935ರ ಪಿಸ್ತೂಲಿಗೂ ಅದೇ, 2022ರ ಪಿಸ್ತೂಲಿಗೂ ಅದೇ. ಹಿತ್ತಾಳೆಯ ಕೋಶ 19 ಮಿಲಿಮೀಟರ್ ಉದ್ದ, ಗುಂಡೂ ಸೇರಿ ಇಡೀ ಕಾಡತೂಸಿನ ತೂಕ 12 ಗ್ರಾಂ. ಇಷ್ಟು ಪುಟ್ಟ ವಸ್ತುವಿನೊಳಗೆ ನಡೆಯುವುದನ್ನು ಅಂಕಿಯಲ್ಲಿ ಬಿಡಿಸಿದರೆ ನಂಬುವುದೇ ಕಷ್ಟ.

ಮದ್ದು ಹೊತ್ತಿದಾಗ ಕೋಶದೊಳಗಿನ ಒತ್ತಡ ಏರಬಹುದಾದ ಮಿತಿಯನ್ನು ಯುರೋಪಿನ ಮಾನದಂಡ 2,350 ಬಾರ್ ಎಂದು ಗೊತ್ತುಮಾಡಿದೆ. ನಾವು ಪೆಟ್ರೋಲ್ ಬಂಕಿನಲ್ಲಿ ಕಾರಿನ ಟಯರಿಗೆ 32 ಪಾಯಿಂಟ್ ಗಾಳಿ ಹೊಡೆಸುತ್ತೇವಲ್ಲ, ಅದೇ ಅಳತೆಯಲ್ಲಿ ಇದು 34,000 ಪಾಯಿಂಟ್. ಸಮುದ್ರದ ಅತಿ ಆಳದ ತಾಣವಾದ ಮರಿಯಾನಾ ಕಂದರದ ತಳ ನೀರಿನಿಂದ ಸುಮಾರು 11 ಕಿಲೋಮೀಟರ್ ಕೆಳಗಿದೆ. ಅಲ್ಲಿನ ಒತ್ತಡ ಸುಮಾರು 1,090 ಬಾರ್. ಪಿಸ್ತೂಲಿನ ಬ್ಯಾರೆಲ್ ಅದರ ಎರಡರಷ್ಟಕ್ಕೂ ಹೆಚ್ಚಿನದನ್ನು ತಾಳಿಕೊಳ್ಳಬೇಕು. ಅಷ್ಟು ಒತ್ತಡ ನೀರಿನಿಂದಲೇ ಬರಬೇಕಾದರೆ 24 ಕಿಲೋಮೀಟರ್ ಎತ್ತರದ ನೀರಿನ ಕಂಬ ನಿಲ್ಲಿಸಬೇಕು. ಬೆಳಗಾವಿಯಿಂದ ಖಾನಾಪುರಕ್ಕಿರುವ ದಾರಿಯನ್ನು ಎಬ್ಬಿಸಿ ನೆಟ್ಟಗೆ ನಿಲ್ಲಿಸಿದರೆ ಎಷ್ಟೋ, ಹೆಚ್ಚುಕಡಿಮೆ ಅಷ್ಟು. ಒಂಬತ್ತು ಮಿಲಿಮೀಟರ್ ಅಗಲದ ಗುಂಡಿನ ಬೆನ್ನ ಮೇಲೆ ಆ ಗಳಿಗೆಯಲ್ಲಿ ಬೀಳುವ ಭಾರ ಒಂದೂವರೆ ಟನ್.

ಬ್ಯಾರೆಲ್ಲಿನ ಉದ್ದ 118 ಮಿಲಿಮೀಟರ್. ಕಾಡತೂಸು ಕೂರುವ ಜಾಗ ಕಳೆದರೆ ಗುಂಡು ಓಡುವುದಕ್ಕೆ ಸಿಗುವುದು ಸುಮಾರು 10 ಸೆಂಟಿಮೀಟರ್. ನಿಂತಲ್ಲಿಂದ ಹೊರಟು ಆ ಗೇಣಿಗಿಂತ ಕಡಿಮೆ ದಾರಿಯಲ್ಲಿ ಅದು ಸೆಕೆಂಡಿಗೆ 360 ಮೀಟರ್ ವೇಗ ಮುಟ್ಟುತ್ತದೆ, ಸದ್ದಿಗಿಂತ ವೇಗ. ತಗಲುವ ಸಮಯ ಸೆಕೆಂಡಿನ ಎರಡು ಸಾವಿರದಲ್ಲೊಂದು ಪಾಲಿನ ಆಸುಪಾಸು. ಕಣ್ಣು ಒಮ್ಮೆ ಮಿಟುಕಿಸುವುದಕ್ಕೆ ಐದನೇ ಒಂದು ಸೆಕೆಂಡ್ ಎಂದು ಹಿಡಿದರೂ, ಆ ಒಂದು ರೆಪ್ಪೆ ಬಡಿತದೊಳಗೆ ಗುಂಡು ಈ ದಾರಿಯನ್ನು 350ಕ್ಕೂ ಹೆಚ್ಚು ಸಲ ಮುಗಿಸಬಹುದು. ರಾಕೆಟ್ಟಿನಲ್ಲಿ ಹೋಗುವ ಗಗನಯಾತ್ರಿಗೆ ಭೂಮಿಯ ಸೆಳೆತದ ಮೂರು ನಾಲ್ಕು ಪಟ್ಟು ಬಲ ತಾಗಿದರೆ ಎದೆ ಬಿಗಿದು ಬರುತ್ತದೆ. ಗುಂಡಿಗೆ ತಾಗುವುದು ಸರಾಸರಿ 66,000 ಪಟ್ಟು.

ನನ್ನನ್ನು ಎಲ್ಲಕ್ಕಿಂತ ಬೆರಗುಗೊಳಿಸುವುದು ಅದರ ತಿರುಗಣಿ. ಬ್ಯಾರೆಲ್ಲಿನ ಒಳಗೋಡೆಯಲ್ಲಿ ಸುರುಳಿಯಾಗಿ ಕೊರೆದ ಗೀರುಗಳಿರುತ್ತವೆ, ಸುಮಾರು 25 ಸೆಂಟಿಮೀಟರಿಗೆ ಒಂದು ಸುತ್ತು ಬರುವ ಹಾಗೆ. ಗುಂಡಿನ ಓಟ 10 ಸೆಂಟಿಮೀಟರ್ ಅಷ್ಟೆ. ಆದ್ದರಿಂದ ಬ್ಯಾರೆಲ್ಲಿನೊಳಗೆ ಅದು ಅರ್ಧ ಸುತ್ತನ್ನೂ ತಿರುಗಿ ಮುಗಿಸುವುದಿಲ್ಲ. ಆದರೆ ಬಾಯಿಯಿಂದ ಹೊರಬೀಳುವಾಗ ಅದರ ತಿರುಗು ಸೆಕೆಂಡಿಗೆ 1,440 ಸುತ್ತು. ನಿಮಿಷಕ್ಕೆ ಗುಣಿಸಿದರೆ 86,400. ಒಂದು ಹಗಲು ಒಂದು ರಾತ್ರಿಗೆ ಎಷ್ಟು ಸೆಕೆಂಡುಗಳಿವೆಯೋ ಸರಿಯಾಗಿ ಅಷ್ಟು! 25 ಮೀಟರ್ ಆಚೆಯ ಗುರಿ ಮುಟ್ಟುವ ಹೊತ್ತಿಗೆ ಅದು ನೂರು ಸುತ್ತು ಹಾಕಿರುತ್ತದೆ.

ಇಷ್ಟೆಲ್ಲ ಆದಮೇಲೆ ಗುಂಡಿನ ಶಕ್ತಿ ಎಷ್ಟು? ಎಂಟು ಗ್ರಾಂ ತೂಕ, 360 ಮೀಟರ್ ವೇಗ: ಉತ್ತರ 518 ಜೌಲ್. ಇದನ್ನು ಗೋಕಾಕ ಜಲಪಾತದ ಮುಂದೆ ನಿಂತು ಅಳೆಯಬಹುದು. ಅಲ್ಲಿ ಘಟಪ್ರಭೆ ಧುಮುಕುವುದು 52 ಮೀಟರ್. ಒಂದೇ ಒಂದು ಲೀಟರ್ ನೀರು ಆ ಬಂಡೆಯ ನೆತ್ತಿಯಿಂದ ಬುಡಕ್ಕೆ ಬೀಳುವಾಗ ಪಡೆಯುವ ಶಕ್ತಿ 510 ಜೌಲ್. ಎರಡೂ ಹೆಚ್ಚುಕಡಿಮೆ ಒಂದೇ! ಮಳೆಗಾಲದಲ್ಲಿ ಆ ಜಲಪಾತ ಕೆಂಪಾಗಿ ಅಬ್ಬರಿಸುವುದನ್ನು ನೋಡಿದವರು ಲೀಟರ್ ಲೆಕ್ಕ ಹಾಕಿ ನೋಡಲಿ. ಪಿಸ್ತೂಲಿನ ಗುಂಡಿನ ಭಯಂಕರತೆ ಶಕ್ತಿಯ ಮೊತ್ತದಲ್ಲಿಲ್ಲ. ಆ ಒಂದು ಲೀಟರಿನ ಬಲವನ್ನು ಕಿರುಬೆರಳ ಉಗುರಿನಷ್ಟು ಜಾಗಕ್ಕೆ ತಂದು ಸೇರಿಸುವುದರಲ್ಲಿದೆ.

ಆ ಬಲ ಹಿಂದಕ್ಕೂ ಒದೆಯುತ್ತದೆ. ಒತ್ತಡ ಇಳಿಯುವ ಮುನ್ನ ಕೋಶ ತೆರೆದುಕೊಂಡರೆ ಹಿಡಿದವನ ಮುಖಕ್ಕೇ ಅಪಾಯ. ಬ್ರೌನಿಂಗ್ ಕಂಡುಕೊಂಡ ಉಪಾಯ ಇದು: ಬ್ಯಾರೆಲ್ಲೂ ಅದರ ಮೇಲಿನ ಸ್ಲೈಡೂ ಹಲ್ಲಿಗೆ ಹಲ್ಲು ಕೂಡಿಸಿಕೊಂಡು ಕೆಲವು ಮಿಲಿಮೀಟರ್ ಒಟ್ಟಿಗೇ ಹಿಂದೆ ಸರಿಯುತ್ತವೆ. ಗುಂಡು ಬಾಯಿ ದಾಟುವ ಹೊತ್ತಿಗೆ ಅವು ಸರಿದಿರುವುದು ಎರಡು ಮಿಲಿಮೀಟರಿನ ಆಸುಪಾಸು. ಆಮೇಲೆ ಬ್ಯಾರೆಲ್ಲಿನ ಹಿಂಬದಿ ತುಸು ಕೆಳಗೆ ಬಾಗಿ ಸ್ಲೈಡಿನಿಂದ ಬಿಡಿಸಿಕೊಳ್ಳುತ್ತದೆ, ಸ್ಲೈಡ್ ಒಂಟಿಯಾಗಿ ಹಿಂದೆ ಹೋಗಿ ಖಾಲಿ ಕೋಶವನ್ನು ಎಸೆದು ಮುಂದಿನ ಕಾಡತೂಸನ್ನು ತಳ್ಳಿಕೊಂಡು ಬರುತ್ತದೆ. ಹೈ-ಪವರಿನಲ್ಲಿ ಈ ಬಾಗಿಸುವ ಕೆಲಸಕ್ಕೆ ಹಳೆಯ ಕೋಲ್ಟ್‌ನ ಅಲ್ಲಾಡುವ ಕೊಂಡಿಯನ್ನು ಬಿಟ್ಟು ಬ್ಯಾರೆಲ್ಲಿನ ಬುಡದಲ್ಲೇ ಒಂದು ಗಟ್ಟಿ ಇಳಿಜಾರು ಕೊಟ್ಟರು. ಇಂದು ಜಗತ್ತಿನ ಸೇನೆಗಳ ಸೊಂಟದಲ್ಲಿರುವ ಬಹುಪಾಲು ಪಿಸ್ತೂಲುಗಳು ಒಂದಿಷ್ಟು ಮಾರ್ಪಾಡಿನೊಡನೆ ಇದನ್ನೇ ಮಾಡುತ್ತವೆ. ಹೊಸದೆಂದು ನಾವು ಕರೆಯುವುದರ ಒಳಗೆ ಕೆಲಸ ಮಾಡುತ್ತಿರುವುದು 1920ರ ದಶಕದ ತಲೆ.

ಈ ಪಿಸ್ತೂಲಿನ ಯುದ್ಧದ ಕತೆಯಲ್ಲಿ ಒಂದು ವಿಚಿತ್ರ ಲೆಕ್ಕವಿದೆ. 1940ರಲ್ಲಿ ಜರ್ಮನಿ ಬೆಲ್ಜಿಯಂ ಹಿಡಿದು ಆ ಕಾರ್ಖಾನೆಯನ್ನು ತನ್ನ ಸೇನೆಗೆ ದುಡಿಸಿಕೊಂಡಿತು. ಮೂರು ಲಕ್ಷಕ್ಕೂ ಹೆಚ್ಚು ಹೈ-ಪವರ್‌ಗಳು ಜರ್ಮನ್ ಸೈನಿಕರ ಕೈ ಸೇರಿದವು. ಸೇವ್ ತಪ್ಪಿಸಿಕೊಂಡು ಬ್ರಿಟನ್ ಸೇರಿದರು. ಅತ್ತ ಟೊರಾಂಟೊದ ಜಾನ್ ಇಂಗ್ಲಿಸ್ ಎಂಬ ಕಂಪನಿ, ಯುದ್ಧ ಮುಗಿದ ಮೇಲೆ ಬಟ್ಟೆ ಒಗೆಯುವ ಯಂತ್ರಕ್ಕೆ ಹೆಸರಾದ ಕಂಪನಿ, 1944ರಿಂದ 1945ರವರೆಗೆ ಅದೇ ಪಿಸ್ತೂಲನ್ನು ಒಂದೂವರೆ ಲಕ್ಷ ಮಾಡಿತು. ಅವು ಚೀನಾ, ಕೆನಡಾ, ಬ್ರಿಟನ್ ಸೇನೆಗಳಿಗೆ ಹೋದವು. ಎದುರಾಳಿಗಳಿಬ್ಬರೂ ಒಂದೇ ನಕ್ಷೆಯ ಪಿಸ್ತೂಲನ್ನು ಒಬ್ಬರ ಮೇಲೊಬ್ಬರು ಹಿಡಿದರು. ಇಂಗ್ಲಿಸ್ ಮಾಡಿದ ಚೀನಾ ಮಾದರಿಯಲ್ಲಿ ಗುರಿ ನೋಡುವ ಹಿಂಗುರಿಯ ಮೇಲೆ 500 ಮೀಟರ್‌ವರೆಗಿನ ಗೆರೆಗಳಿದ್ದವು. ಹೆಗಲಿಗೆ ಆನಿಸಿಕೊಳ್ಳಲು ಮರದ ಹಿಡಿಯೂ ಇತ್ತು. ಪಿಸ್ತೂಲಿನ ನಿಜವಾದ ಉಪಯುಕ್ತ ದೂರ 50 ಮೀಟರ್. 500 ಮೀಟರ್ ಕ್ರಮಿಸುವಷ್ಟರಲ್ಲಿ ಗುಂಡು ಹತ್ತು ಮೀಟರಿಗೂ ಮಿಕ್ಕಿ ಕೆಳಗೆ ಬಿದ್ದಿರುತ್ತದೆ, ಮೂರಂತಸ್ತಿನ ಮನೆಯಷ್ಟು. ಹೊಸ ಮಾದರಿಯಲ್ಲಿ ಆ ಗೆರೆಗಳ ಸುಳಿವೂ ಇಲ್ಲ.

1935ರಿಂದ 2018ರವರೆಗೆ, 83 ವರ್ಷದಲ್ಲಿ, ಹೈ-ಪವರ್‌ಗಳು ಹತ್ತು ಲಕ್ಷಕ್ಕೂ ಹೆಚ್ಚು ತಯಾರಾದವು. ಐವತ್ತಕ್ಕೂ ಹೆಚ್ಚು ದೇಶಗಳು ಬಳಸಿದವು. ಆ ಹತ್ತು ಲಕ್ಷವನ್ನು ಮೂತಿಗೆ ಹಿಡಿ ತಾಗಿಸಿ ಸಾಲಾಗಿ ಮಲಗಿಸಿದರೆ, ಒಂದೊಂದರ ಉದ್ದ 20 ಸೆಂಟಿಮೀಟರಿನಂತೆ, 200 ಕಿಲೋಮೀಟರ್. ಬೆಳಗಾವಿಯಿಂದ ಖಾನಾಪುರಕ್ಕೆ ನಾಲ್ಕು ಸಲ ಹೋಗಿ ಬರುವಷ್ಟು ದಾರಿ. ದೊಡ್ಡದೆನ್ನಿಸುತ್ತದೆ. ಈಗ ತೂಗಿ ನೋಡಿ. ಒಂದು 900 ಗ್ರಾಂ ಎಂದರೆ ಹತ್ತು ಲಕ್ಷಕ್ಕೆ 900 ಟನ್. ಖಾನಾಪುರ ತಾಲ್ಲೂಕಿನ ಲೋಂಡಾ ಜಂಕ್ಷನ್ನಿನಲ್ಲಿ ನಿಂತರೆ ಮುರ್ಮುಗೋವಾ ಬಂದರಿನಿಂದ ಬಳ್ಳಾರಿ ಕಡೆಗೆ ಕಲ್ಲಿದ್ದಲು ಹೊತ್ತು ಹೋಗುವ ಗೂಡ್ಸ್ ಗಾಡಿಗಳು ಕಾಣುತ್ತವೆ. ಒಂದು ಗಾಡಿಗೆ 58 ವ್ಯಾಗನ್, ಒಂದು ವ್ಯಾಗನ್ನಿಗೆ ಸುಮಾರು 60 ಟನ್. ಹಾಗಾದರೆ ಆ ಹತ್ತು ಲಕ್ಷ ಹೈ-ಪವರ್‌ಗಳಿಗೆ 15 ವ್ಯಾಗನ್ ಸಾಕು. ಒಂದು ಗಾಡಿಯ ಕಾಲುಭಾಗ. ಮಹಾಯುದ್ಧ, ದಂಗೆ, ಕ್ರಾಂತಿ, ಸರ್ವಾಧಿಕಾರಿಗಳ ಸೊಂಟಪಟ್ಟಿ, ಐವತ್ತು ದೇಶಗಳ ಸೈನ್ಯ, ಇಷ್ಟಕ್ಕೂ ಹೋದ ಉಕ್ಕು ಲೋಂಡಾ ದಾಟುವ ಒಂದೇ ಗಾಡಿಯ ಮೊದಲ ಹದಿನೈದು ಡಬ್ಬಿಗಳಲ್ಲಿ ಮುಗಿದುಹೋಗುತ್ತದೆ.

2022ರ ಜನವರಿಯಲ್ಲಿ ಬಂದ ಹೊಸ ಹೈ-ಪವರಿನ ಲೆಕ್ಕಕ್ಕೆ ಬರೋಣ. ಉದ್ದ ಎಂಟು ಇಂಚು, ಅಂದರೆ ಹಳೆಯದರಷ್ಟೇ. ಬ್ಯಾರೆಲ್ 4.7 ಇಂಚು, ಹಳೆಯದಕ್ಕೂ ಇದಕ್ಕೂ ಒಂದೆರಡು ಮಿಲಿಮೀಟರಿನ ವ್ಯತ್ಯಾಸ. ತೂಕ ಮಾತ್ರ ಸುಮಾರು 1,130 ಗ್ರಾಂ. ಹಳೆಯದಕ್ಕಿಂತ 230 ಗ್ರಾಂ ಹೆಚ್ಚು! ತುಂಬಿದ ಗುಂಡುಗಳನ್ನೂ ಸೇರಿಸಿದರೆ ಹಳೆಯದು ಒಂದು ಕಿಲೋ ಚಿಲ್ಲರೆ, ಹೊಸದು 1,330 ಗ್ರಾಂ. 1982ರಲ್ಲಿ ಆಸ್ಟ್ರಿಯಾದ ಗ್ಲಾಕ್ ಪ್ಲಾಸ್ಟಿಕ್ ಜಾತಿಯ ಚೌಕಟ್ಟಿನಲ್ಲಿ 17 ಗುಂಡಿನ ಪಿಸ್ತೂಲು ಮಾಡಿ ಖಾಲಿ ತೂಕವನ್ನು 700 ಗ್ರಾಮಿನೊಳಗೆ ಇಳಿಸಿದ ಮೇಲೆ ಜಗತ್ತೆಲ್ಲ ಹಗುರದ ಕಡೆ ಓಡಿತು. ನಮ್ಮ ಎನ್‌ಎಸ್‌ಜಿ ಕಮಾಂಡೊಗಳ ಕೈಯಲ್ಲಿರುವುದೂ ಗ್ಲಾಕ್. ಹೈ-ಪವರ್ ಎದುರು ದಿಕ್ಕಿಗೆ ನಡೆಯಿತು. ಭಾರಕ್ಕೆ ಪ್ರತಿಫಲ ಇಲ್ಲವೆಂದಲ್ಲ: ಅದೇ ಗುಂಡು, ಅದೇ ಒದೆತ, ಆದರೆ ಹಿಡಿದವರ ಕೈಗೆ ಬಂದು ತಾಗುವ ಶಕ್ತಿ ಐದನೇ ಒಂದು ಪಾಲು ಕಡಿಮೆ. ದಿನವಿಡೀ ಸೊಂಟಕ್ಕೆ ಕಟ್ಟಿಕೊಂಡು ತಿರುಗುವವರು ಆ 230 ಗ್ರಾಮನ್ನು ಬೇರೆ ರೀತಿ ತೂಗುತ್ತಾರೆ.

ಮ್ಯಾಗಜಿನ್ ಬದಲಾಗಿದೆ, ಹಳೆಯದು ಹೊಸದಕ್ಕೆ ಕೂರುವುದಿಲ್ಲ. ನಾಲ್ಕು ಗುಂಡು ಹೆಚ್ಚಿಗೆ ತುಂಬುವುದಕ್ಕೆ ಮ್ಯಾಗಜಿನ್ನನ್ನೂ ಅದು ಕೂರುವ ಹಿಡಿಯನ್ನೂ ಹೊಸದಾಗಿ ಎರಕ ಹೊಯ್ದಂತೆ ತಿದ್ದಬೇಕಾಯಿತು. ಕಾಡತೂಸು 1902ರಲ್ಲಿ ನಿಂತಿದೆ, ಅಂಗೈ ಅದಕ್ಕೂ ಎಷ್ಟೋ ಸಾವಿರ ವರ್ಷ ಹಿಂದೆ ನಿಂತಿದೆ. ಇವೆರಡರ ನಡುವೆ ಉಳಿದ ಸಂದಿಯಲ್ಲಿ ಎಂಜಿನಿಯರುಗಳು 87 ವರ್ಷ ತಿಣುಕಿದ್ದಾರೆ. ಸ್ಲೈಡನ್ನು ತಡೆದು ನಿಲ್ಲಿಸುವ ಸನ್ನೆ ಈಗ ಎಡಕ್ಕೂ ಬಲಕ್ಕೂ ಇದೆ, ಮ್ಯಾಗಜಿನ್ ಬಿಡಿಸುವ ಗುಂಡಿಯನ್ನು ಬೇಕಾದ ಬದಿಗೆ ತಿರುಗಿಸಿಕೊಳ್ಳಬಹುದು. ಮನುಷ್ಯರಲ್ಲಿ ಹತ್ತಕ್ಕೊಬ್ಬರು ಎಡಚರು. ಖಾನಾಪುರದ ಮೈದಾನದಲ್ಲಿ ನೂರು ಜನರ ತಂಡ ನಿಂತರೆ ಅದರಲ್ಲಿ ಹತ್ತು ಮಂದಿ ಎಡಗೈಯವರಿರುವುದು ಸಹಜ. ಆ ಹತ್ತು ಮಂದಿ ಬಲಗೈಯವರಿಗೆಂದು ಮಾಡಿದ ಸನ್ನೆಗಳಿಗೆ ತಮ್ಮ ಬೆರಳನ್ನು ಬಗ್ಗಿಸುತ್ತ ಕಲಿತರು. 1ಎಯೊಡನೆ ಇಂದಿಗೂ ಹಾಗೇ ಕಲಿಯಬೇಕು. ನನಗೆ ಕೇಳಿದರೆ ನಾಲ್ಕು ಗುಂಡಿಗಿಂತ ದೊಡ್ಡ ಪ್ರಗತಿ ಇದು.

ಹಿಂದಕ್ಕೆ ತಿರುಗಿ ನೋಡಿದರೆ ಈ ನಿಧಾನ ಇನ್ನೂ ಅಚ್ಚರಿ ಹುಟ್ಟಿಸುತ್ತದೆ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಗುಂಡಿಗೆ ಬಲಿಯಾದಾಗ ಎರಡೂ ಕಡೆ ಇದ್ದದ್ದು ಬಾಯಿಂದ ಮದ್ದು ತುಂಬುವ ಕೋವಿಗಳು. 1831ರ ಜನವರಿ 26ರಂದು ಖಾನಾಪುರ ತಾಲ್ಲೂಕಿನ ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ಕಂಪನಿ ಸರ್ಕಾರದ ಸಿಪಾಯಿಗಳ ಹೆಗಲ ಮೇಲಿದ್ದದ್ದು ‘ಬ್ರೌನ್ ಬೆಸ್’ ಜಾತಿಯ ಕೋವಿ: ತೂಕ ನಾಲ್ಕೂವರೆ ಕಿಲೋ ಹತ್ತಿರ, ನಳಿಗೆಯ ಬಾಯಿ 19 ಮಿಲಿಮೀಟರ್, ಸೀಸದ ಗುಂಡು 30 ಗ್ರಾಮಿಗೂ ಹೆಚ್ಚು. ಒಂದೇ ಗುಂಡಿನ ಶಕ್ತಿ ನೋಡಿದರೆ ಅದು ಇಂದಿನ 9 ಎಂಎಂನ ಸುಮಾರು ಐದು ಪಟ್ಟು! ಆದರೆ ಚೆನ್ನಾಗಿ ಪಳಗಿದ ಸಿಪಾಯಿ ನಿಮಿಷಕ್ಕೆ ಮೂರು ಸಲ ಹಾರಿಸಿದರೆ ಹೆಚ್ಚು, ಅದೂ ಮಳೆ ಇಲ್ಲದಿದ್ದರೆ. ಖಾನಾಪುರ ಸೀಮೆಯ ಆಷಾಢದಲ್ಲಿ ಆ ಕೋವಿ ಹಿಡಿದವರ ಪಾಡು ಊಹಿಸಿಕೊಳ್ಳಿ. ಹದಿಮೂರು ಗುಂಡು ಹಾರಿಸುವುದಕ್ಕೆ ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡ್ ಬೇಕು. ಕಿತ್ತೂರಿನಿಂದ ಹೈ-ಪವರ್‌ವರೆಗೆ 111 ವರ್ಷ. ಅಷ್ಟರಲ್ಲಿ ತೂಕ ಐದನೇ ಒಂದಕ್ಕೆ ಇಳಿದು, ನಾಲ್ಕು ನಿಮಿಷದ ಕೆಲಸ ಕೆಲವೇ ಸೆಕೆಂಡಿನದಾಯಿತು. ಮುಂದಿನ 87 ವರ್ಷದಲ್ಲಿ ತೂಕ ಏರಿತು, ನಾಲ್ಕು ಗುಂಡು ಸೇರಿತು. ಓಟವೆಲ್ಲ ಮೊದಲ ಶತಮಾನದಲ್ಲೇ ಮುಗಿದಿತ್ತು.

ಕೊಲ್ಲುವುದಕ್ಕೆ ಶಕ್ತಿ ಎಷ್ಟು ಕಡಿಮೆಯಿದ್ದರೂ ಸಾಕಾಗುತ್ತದೆ ಎಂಬುದನ್ನು ನಮ್ಮ ಸೀಮೆ ಕಂಡಿದೆ. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಕಲ್ಯಾಣನಗರದಲ್ಲಿ ಮನೆಯ ಬಾಗಿಲಲ್ಲೇ ಎಂ.ಎಂ. ಕಲಬುರ್ಗಿಯವರನ್ನು ಕೊಂದದ್ದು, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ಅವರನ್ನು ಕೊಂದದ್ದು 7.65 ಎಂಎಂ ಗುಂಡು. ಆಯುಧ ನಾಡ ಪಿಸ್ತೂಲು. ಆ ಅಳತೆಯ ಕಾಡತೂಸು ಮಾತ್ರ ಇದೇ ಬ್ರೌನಿಂಗ್ 1899ರ ಹೊತ್ತಿಗೆ ಇದೇ ಬೆಲ್ಜಿಯನ್ ಕಂಪನಿಗಾಗಿ ರೂಪಿಸಿದ್ದು. ಗುಂಡಿನ ತೂಕ ಐದು ಗ್ರಾಂ ಕೂಡ ಇಲ್ಲ, ಶಕ್ತಿ 200 ಜೌಲಿನ ಆಸುಪಾಸು. ಗೋಕಾಕದ ಲೆಕ್ಕದಲ್ಲಿ ಅರ್ಧ ಲೀಟರಿಗಿಂತ ಕಡಿಮೆ. ಧಾರವಾಡದಲ್ಲಿ ಎದುರಿಗಿದ್ದವರು 15 ಸಂಪುಟಗಳ ಸಮಗ್ರ ವಚನ ಸಂಪುಟದ ಪ್ರಧಾನ ಸಂಪಾದಕರು, 76 ವರ್ಷದ ಹಿರಿಯರು. ಆ 200 ಜೌಲನ್ನೂ ಆ 15 ಸಂಪುಟಗಳನ್ನೂ ಒಂದರ ಪಕ್ಕ ಒಂದು ಇಟ್ಟು ನೋಡಲು ನನಗೆ ಇಂದಿಗೂ ಆಗುವುದಿಲ್ಲ. ಎರಡೂ ಕಡೆ ಒಂದೇ ಪಿಸ್ತೂಲು ಬಳಕೆಯಾಗಿದೆ ಎಂದು ತನಿಖಾ ತಂಡ ಹೇಳಿದ್ದು ಪ್ರಯೋಗಾಲಯದ ಹೋಲಿಕೆಯ ಮೇಲೆ. ಪ್ರತಿ ಪಿಸ್ತೂಲಿನ ಹೊಡೆಮೊಳೆ ಕಾಡತೂಸಿನ ಬುಡದಲ್ಲಿ, ಬ್ಯಾರೆಲ್ಲಿನ ಗೀರು ಗುಂಡಿನ ಮೈಮೇಲೆ ತನ್ನದೇ ಗುರುತು ಬಿಡುತ್ತದೆ. ಆ ಗುರುತುಗಳ ಅಳತೆ ಮೈಕ್ರಾನ್‌ಗಳಲ್ಲಿ. ಒಂದು ಮಿಲಿಮೀಟರಿನಲ್ಲಿ ಸಾವಿರ ಮೈಕ್ರಾನ್. ಬೆಳಗಾವಿಯ ಉದ್ಯಮಬಾಗದ ಸಿಎನ್‌ಸಿ ಯಂತ್ರಗಳ ಮುಂದೆ ದುಡಿಯುವವರು ದಿನವೂ ಬಳಸುವ ಅಳತೆ ಅದು, ತಲೆಗೂದಲಿನ ದಪ್ಪವೇ ಸುಮಾರು 70 ಮೈಕ್ರಾನ್.

ಸಣ್ಣ ಅಳತೆಯ ಇನ್ನೊಂದು ಪವಾಡ ಗುರಿ ಹಿಡಿಯುವುದರಲ್ಲಿದೆ. ಹೈ-ಪವರಿನ ಮುಂಗುರಿಗೂ ಹಿಂಗುರಿಗೂ ನಡುವಿನ ಅಂತರ ಸುಮಾರು 16 ಸೆಂಟಿಮೀಟರ್. ಟ್ರಿಗರ್ ಒತ್ತುವಾಗ ಮೂತಿ ಒಂದೇ ಒಂದು ಮಿಲಿಮೀಟರ್ ಆಚೀಚೆ ಸರಿದರೂ 25 ಮೀಟರ್ ದೂರದಲ್ಲಿ ಗುಂಡು 15 ಸೆಂಟಿಮೀಟರಿಗೂ ಹೆಚ್ಚು ತಪ್ಪುತ್ತದೆ. 50 ಮೀಟರಿನಲ್ಲಿ ಒಂದು ಅಡಿ. ಹೊಸ ಪಿಸ್ತೂಲಿನಲ್ಲೂ ಈ ಗುಣಾಕಾರ ಬದಲಾಗಿಲ್ಲ, ಉದ್ದವೇ ಬದಲಾಗಿಲ್ಲವಲ್ಲ. ತರಬೇತಿಯಲ್ಲಿ ಉಸಿರು ಬಿಗಿಹಿಡಿಯುವುದನ್ನು, ಬೆರಳನ್ನು ಹಗುರವಾಗಿ ಎಳೆಯುವುದನ್ನು ವಾರಗಟ್ಟಲೆ ತಿದ್ದುವುದು ಈ ಒಂದು ಮಿಲಿಮೀಟರಿಗಾಗಿ. ಪ್ರತಿ ಹೊಡೆತದ ಸದ್ದು ಕಿವಿಯ ಬಳಿ 160 ಡೆಸಿಬೆಲ್ ಹತ್ತಿರ ಹೋಗುತ್ತದೆ; ಕಿವಿಗೆ ಶಾಶ್ವತ ಪೆಟ್ಟು ಬೀಳಬಹುದಾದ ಮಿತಿ 140. ಆ 20 ಡೆಸಿಬೆಲ್ ಅಂತರವೆಂದರೆ ಗಾಳಿಯ ಒತ್ತಡದಲ್ಲಿ ಹತ್ತು ಪಟ್ಟು. 1935ರಲ್ಲಿ ಕಿವಿಗೆ ಹತ್ತಿಯೂ ಇಟ್ಟುಕೊಳ್ಳದೆ ಹಾರಿಸಿದವರು ಎಷ್ಟು ಜನ ಕಿವುಡಾದರೋ!

ಹಳತಕ್ಕೂ ಹೊಸತಕ್ಕೂ ಇರುವ ಇನ್ನೊಂದು ವ್ಯತ್ಯಾಸ ಸಂಖ್ಯೆಯಲ್ಲಿ ಅತಿ ಚಿಕ್ಕದು, ಒಂದು. ಹಳೆಯ ಹೈ-ಪವರಿನಲ್ಲಿ ಮ್ಯಾಗಜಿನ್ ಹೊರಗೆ ತೆಗೆದರೆ ಟ್ರಿಗರ್ ಕೆಲಸ ಮಾಡುತ್ತಿರಲಿಲ್ಲ. ಇಂಥ ತಡೆ ಬೇಕೆಂದು ಕೇಳಿದವರು ಫ್ರೆಂಚ್ ಸೇನೆಯವರು. ಕೇಳಿ, ಕಡೆಗೆ ಪಿಸ್ತೂಲನ್ನೇ ಕೊಳ್ಳಲಿಲ್ಲ. ತಡೆ ಮಾತ್ರ 83 ವರ್ಷ ಉಳಿಯಿತು. ಅದರಿಂದ ಟ್ರಿಗರ್ ಒರಟಾಗುತ್ತದೆಂಬ ದೂರು ಮೊದಲಿನಿಂದ ಇತ್ತು. 2022ರ ಮಾದರಿಯಲ್ಲಿ ಅದನ್ನು ತೆಗೆದುಹಾಕಿದರು. ಟ್ರಿಗರ್ ನಯವಾಯಿತು. ಆದರೆ 17 ಗುಂಡಿನ ಮ್ಯಾಗಜಿನ್ ಹೊರಗೆ ಬಂದಮೇಲೂ ಬ್ಯಾರೆಲ್ಲಿನ ಬುಡದಲ್ಲಿ ಹದಿನೆಂಟನೆಯದೊಂದು ಕುಳಿತಿರಬಹುದು, ಮತ್ತು ಈಗ ಅದು ಹಾರುತ್ತದೆ. ತರಬೇತಿ ಮೈದಾನದಲ್ಲಿ ‘ಖಾಲಿ ಕರ್’ ಎಂಬ ಆಜ್ಞೆ ಬಿದ್ದಾಗ ಮ್ಯಾಗಜಿನ್ ತೆಗೆದರಷ್ಟೇ ಮುಗಿಯುವುದಿಲ್ಲ. ಸ್ಲೈಡ್ ಹಿಂದಕ್ಕೆ ಎಳೆದು, ಕೋಶದ ಜಾಗ ಬರಿದಾಗಿದೆಯೇ ಎಂದು ಕಣ್ಣಿನಿಂದ ನೋಡಬೇಕು. ಕತ್ತಲಿದ್ದರೆ ಬೆರಳು ಹಾಕಿ ಮುಟ್ಟಿ ನೋಡಬೇಕು. ಮೂತಿ ಆಗಲೂ ಗುಂಡುಗಳನ್ನು ತಡೆಯುವ ಮಣ್ಣಿನ ದಿಬ್ಬದ ಕಡೆಗೇ ಇರಬೇಕು.